ಚಿತ್ರದೊಳಗಿನ ಬೋಳುತಲೆ

ಅಷ್ಟೂ ಫಜೀತಿಗೆ ಮೂಲ ಒಂದು ಸಹಿ.

ಮಗಳ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಮಕ್ಕಳು ಮನೆಯಲ್ಲಿ ಬಿಡಿಸಿದ ಪ್ರತಿ ಚಿತ್ರದ ಹಿಂಬದಿಯಲ್ಲಿ ಅಪ್ಪನೋ ಅಮ್ಮನೋ ‘ನೋಡಿದ್ದೇನೆ’ ಎಂದು ಬರೆದು ಸಹಿ ಹಾಕಬೇಕು. ನಮ್ಮ ಕಥಾನಾಯಕ ತಪ್ಪದೆ ಹಾಕುತ್ತಿದ್ದ. ಮಗಳು ಕಾಗದವನ್ನು ಬೋರಲು ಹಿಡಿದು ತರುತ್ತಿದ್ದಳು. ಇವನು ಅದು ಬೋರಲಾಗಿದ್ದಂತೆಯೇ ‘ನೋಡಿದ್ದೇನೆ’ ಎಂದು ಬರೆದು, “ತುಂಬಾ ಚೆನ್ನಾಗಿದೆ ಪುಟ್ಟೀ” ಎಂದು ತಲೆ ಸವರಿ ಕಳಿಸುತ್ತಿದ್ದ. ಒಂದು ಸಲವೂ ತಿರುವಿ ನೋಡಿದವನಲ್ಲ.

ಹಾಗೆಂದು ಅವನಿಗೆ ಕಣ್ಣು ಮಂಜೇನೂ ಆಗಿರಲಿಲ್ಲ. ಕಣ್ಣೇ ಅವನ ಹೊಟ್ಟೆಪಾಡು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ದಿನಕ್ಕೆ ಎಂಟು ಗಂಟೆ ಕಾಗದದ ಮೇಲೆ ಬಗ್ಗಿ ಕೂತು, ಇರುವೆಯ ಕಾಲಿನಷ್ಟಿರುವ ತಪ್ಪನ್ನೂ ಹಿಡಿದು ಕೆಂಪು ಶಾಯಿಯಲ್ಲಿ ಗೀಟು ಎಳೆಯುವುದು. ಬಿಟ್ಟುಹೋದ ಒಂದು ಅಲ್ಪವಿರಾಮಕ್ಕಾಗಿ ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿದ ದಿನದಿಂದ ಅಲ್ಲಿ ಅವನಿಗೆ ‘ಅಲ್ಪವಿರಾಮ’ ಎಂದೇ ಹೆಸರು. ಆ ಹೆಸರು ಅಚ್ಚುಕೂಟದಿಂದ ಬೀದಿಗೆ, ಬೀದಿಯಿಂದ ಅವನಿದ್ದ ಕಟ್ಟಡದ ಮೆಟ್ಟಿಲಿಗೆ ಬಂದು ಅಂಟಿಕೊಂಡಿತ್ತು. ನಾವೂ ಹಾಗೆಯೇ ಕರೆಯೋಣ.

ಆ ಶನಿವಾರ ಬೆಳಿಗ್ಗೆ ಅಲ್ಪವಿರಾಮ ಚಹಾ ಕುಡಿಯುತ್ತ ಕೂತಿದ್ದಾಗ ಹೆಂಡತಿ ಒಳಗಿನಿಂದ ಹೇಳಿದಳು:

“ರೀ, ಹತ್ತು ಗಂಟೆಗೆ ಶಾಲೆಗೆ ಹೋಗ್ಬೇಕು, ಮರೀಬೇಡಿ. ಚಿತ್ರ ಪ್ರದರ್ಶನ. ನಮ್ಮ ಪುಟ್ಟೀಗೆ ಮೊದಲನೇ ಬಹುಮಾನವಂತೆ. ಹೊಸಲು ದಾಟಿದ ಕೂಡ್ಲೇ ಕಾಣೋ ಹಾಗೆ ಅವಳ ಚಿತ್ರಾನೇ ತೂಗುಹಾಕಿದ್ದಾರಂತೆ. ಅವಳಾಗಲೇ ಹೋಗಿಯಾಯ್ತು.”

“ಭೇಷ್. ಯಾವ ಚಿತ್ರ?”

“ನನ್ನ ಕೇಳ್ತೀರಲ್ಲ. ನಾನಂತೂ ನೋಡಿಲ್ಲ. ನೋಡಿದ್ದೇನೆ ಅಂತ ಸಹಿ ಹಾಕಿದೋರು ನೀವು. ‘ನಮ್ಮ ತಾರಸಿ’ ಅಂತ ವಿಷಯ ಕೊಟ್ಟಿದ್ರಲ್ಲ, ಅದು.”

ಚಹಾ ಅಲ್ಪವಿರಾಮನ ಗಂಟಲು ಬಿಟ್ಟು ಮೂಗಿನ ದಾರಿ ಹಿಡಿಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ತಾರಸಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೂರು ವಾರದಿಂದ ಅವನಿಗೆ ಹೀಗೇ ಆಗುತ್ತಿತ್ತು.

ಅದಕ್ಕೆ ಕಾರಣವಿದೆ. ಅವರದು ಮೂರು ಮಹಡಿಯ ಕಟ್ಟಡ. ತಾರಸಿ ಎಲ್ಲರದು ಎಂದು ಹೆಸರಿಗೆ ಮಾತ್ರ; ಅದನ್ನು ಆಳುತ್ತಿದ್ದವರು ಎರಡನೇ ಮಹಡಿಯ ಇನ್ಸ್‌ಪೆಕ್ಟರ್ ಸಾಹೇಬರು. ಊರೂರಿನ ಶಾಲೆಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ತಪಾಸಣೆಗೆ ಈಗ ಶಾಲೆಗಳಿಲ್ಲವಾಗಿ, ನಿವಾಸಿಗಳ ಸಂಘದ ಅಧ್ಯಕ್ಷರಾಗಿ ಕಟ್ಟಡವನ್ನೇ ತಪಾಸಣೆ ಮಾಡುತ್ತಿದ್ದರು. ತಾರಸಿಯ ಮೇಲೆ ಅವರ ನಲವತ್ತೊಂದು ಹೂಕುಂಡಗಳು ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಅವುಗಳಲ್ಲಿ ವರ್ಷಕ್ಕೊಮ್ಮೆ ಹೂಬಿಡುವ ಒಂದು ಕಳ್ಳಿಗಿಡ ಸಾಹೇಬರ ಪ್ರಾಣ. ಅದಕ್ಕೆ ಮೊಗ್ಗು ಬಂದಿತ್ತು.

ಮೂರು ವಾರದ ಹಿಂದೆ ಒಂದು ಭಾನುವಾರ ಸಂಜೆ ಅಲ್ಪವಿರಾಮ ಒಣಗಿದ ಬಟ್ಟೆ ತರಲು ತಾರಸಿಗೆ ಹೋದ. ಆಕಾಶದ ತುಂಬ ಮೋಡ. ಕೈಯಲ್ಲಿ ಛತ್ರಿಯಿತ್ತು. ಬಾತುಕೋಳಿಯ ತಲೆಯಂಥ ಹಿಡಿಯಿದ್ದ ಆ ಛತ್ರಿಯನ್ನು ಇಡೀ ಬೀದಿಯೇ ಗುರುತಿಸುತ್ತಿತ್ತು. ಸುತ್ತಮುತ್ತ ಯಾರೂ ಇರಲಿಲ್ಲ. ಯಾರೂ ನೋಡದ ಜಾಗದಲ್ಲಿ ನಲವತ್ತು ದಾಟಿದ ಗಂಡಸಿನ ಕೈಗೆ ಛತ್ರಿ ಸಿಕ್ಕರೆ ಅದು ಬಹಳ ಹೊತ್ತು ಛತ್ರಿಯಾಗಿ ಉಳಿಯುವುದಿಲ್ಲ, ಬ್ಯಾಟಾಗುತ್ತದೆ. ಇಲ್ಲದ ಚೆಂಡನ್ನು ಎರಡು ಸಲ ಆಚೆ ಬೀದಿಗೆ ಅಟ್ಟಿದ. ಮೂರನೆಯದಕ್ಕೆ ಒಂದು ಹೆಜ್ಜೆ ಮುಂದಿಟ್ಟು ಬೀಸಿದಾಗ ಛತ್ರಿಯ ತುದಿ ಕಳ್ಳಿಯ ಕುಂಡಕ್ಕೆ ತಾಗಿತು. ತಾಗಿತು ಎಂದರೂ ಹೆಚ್ಚಾಯಿತು. ಮಲಗಿದವರನ್ನು ಎಬ್ಬಿಸುವಾಗ ಭುಜ ಮುಟ್ಟುತ್ತೇವಲ್ಲ, ಅಷ್ಟೇ. ಕುಂಡ ಐದು ಹೋಳಾಗಿ ಕುಸಿಯಿತು.

ತನ್ನ ತೋಳಿನಲ್ಲಿ ಇಷ್ಟು ಬಲವಿತ್ತೇ ಎಂದು ಒಂದು ಗಳಿಗೆ ಅವನಿಗೆ ಹೆಮ್ಮೆಯೂ ಆಯಿತೆನ್ನಬೇಕು. ಮರುಗಳಿಗೆಗೆ ಸಾಹೇಬರ ಮುಖ ನೆನಪಾಯಿತು. ಹೋಳುಗಳ ಅಂಚಿಗೆ ಬಿಳಿಯದೇನೋ ಮೆತ್ತಿಕೊಂಡಿತ್ತು, ಅದನ್ನೆಲ್ಲ ನೋಡುವ ವ್ಯವಧಾನ ಯಾರಿಗಿದೆ. ಒಂದಕ್ಕೊಂದು ಆನಿಸಿ, ನಡುವೆ ಗಿಡ ನಿಲ್ಲಿಸಿ, ಹಿಂದಿರುಗಿ ನೋಡಿದರೆ ಮೆಟ್ಟಿಲ ಬಾಗಿಲಲ್ಲಿ ಏಳು ವರ್ಷದ ಮಗಳು ನಿಂತಿದ್ದಾಳೆ.

“ಅಪ್ಪ, ಆ ಕುಂಡ…”

“ಶ್. ಯಾರಿಗೂ ಹೇಳ್ಬೇಡ.”

“ಅಲ್ಲಪ್ಪ, ನಾನು…”

“ಒಂದು ಮಾತೂ ಬೇಡ. ಯಾರಿಗೂ ಹೇಳಲ್ಲ ಅಂತ ಮಾತು ಕೊಡು.”

ಮಗಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸಿದ್ದಳು.

ಮಾರನೆಯ ಬೆಳಿಗ್ಗೆ ಸಾಹೇಬರು ನೀರು ಹಾಕಲು ಬಂದಾಗ ಕುಂಡ ಬಿದ್ದಿತ್ತು, ಮೊಗ್ಗು ಮುರಿದಿತ್ತು. ಪಕ್ಕದಲ್ಲಿ ನೆಲಮಹಡಿಯ ಹೊಲಿಗೆಯಮ್ಮನ ಬೆಕ್ಕು ಕೂತು ನೆಮ್ಮದಿಯಾಗಿ ಮೈ ನೆಕ್ಕಿಕೊಳ್ಳುತ್ತಿತ್ತು. ಸಾಹೇಬರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಂದಿನಿಂದ ಬೆಕ್ಕನ್ನು ಹೊಲಿಗೆ ಯಂತ್ರದ ಕಾಲಿಗೆ ದಾರದಿಂದ ಕಟ್ಟಿಹಾಕಿಸಿದ್ದರು. ಅದೂ ಸಾಲದೆಂದು ಸಂಘದ ಸಭೆ ಸೇರಿಸಿ, ಈ ಶನಿವಾರ ಸಂಜೆ ಐದು ಗಂಟೆಯೊಳಗೆ ಅದು ಕಟ್ಟಡ ಬಿಡಬೇಕೆಂದು ಗೊತ್ತುವಳಿ ಮಾಡಿದ್ದರು. ಆ ಗೊತ್ತುವಳಿಯ ಕರಡನ್ನು ತಿದ್ದಿಕೊಟ್ಟವನು ಅಲ್ಪವಿರಾಮನೇ. ಅದರಲ್ಲಿ ಎರಡು ಕಾಗುಣಿತದ ತಪ್ಪು ಹಿಡಿದಿದ್ದ, ಬೆಕ್ಕಿನ ತಪ್ಪಲ್ಲವೆಂಬುದನ್ನು ಮಾತ್ರ ತಿದ್ದಲು ಧೈರ್ಯ ಬಂದಿರಲಿಲ್ಲ.

ಈಗ ಹೊಸ ಭಯ. ಹೇಳಬೇಡ ಎಂದಿದ್ದನೇ ಹೊರತು ಬರೆಯಬೇಡ ಎಂದಿರಲಿಲ್ಲವಲ್ಲ.

ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರೆ ಹೊಲಿಗೆಯಮ್ಮನ ಬಾಗಿಲು ತೆರೆದಿತ್ತು. ಆಕೆ ಬೆತ್ತದ ಬುಟ್ಟಿಗೆ ಹಳೆಯ ಹತ್ತಿಬಟ್ಟೆ ಹಾಸುತ್ತ ಕೂತಿದ್ದಳು. ಬೆಕ್ಕು ಅಲ್ಪವಿರಾಮನನ್ನು ನೋಡಿ ಒಂದೇ ಒಂದು ಸಲ ‘ಮ್ಯಾಂವ್’ ಎಂದಿತು. ಅದು ತನಗೇ ಹೇಳಿದ್ದೆಂದು ಅವನಿಗೆ ಅನ್ನಿಸಿತು.

“ಸಂಜೆ ನನ್ನ ತಂಗಿ ಬರ್ತಾಳಪ್ಪ, ಕರ್ಕೊಂಡು ಹೋಗೋದಕ್ಕೆ,” ಎಂದಳು ಹೊಲಿಗೆಯಮ್ಮ. “ಅವಳ ಊರಲ್ಲಿ ಇದಕ್ಕೆ ಯಾರ ಪರಿಚಯಾನೂ ಇಲ್ಲ. ಇಲ್ಲಾದ್ರೆ ಯಂತ್ರದ ಸದ್ದು ಕೇಳ್ತಾ ನಿದ್ದೆ ಮಾಡ್ತಿತ್ತು ನನ್ನ ಕಂದ.”

ಅಲ್ಪವಿರಾಮ ಏನೋ ಗೊಣಗಿ ಮುಂದೆ ಹೋಗುವಷ್ಟರಲ್ಲಿ ಮೇಲಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಇಳಿದುಬಂದರು. ಇಸ್ತ್ರಿ ಮಾಡಿದ ಕೋಟು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಭೂತಗನ್ನಡಿ.

“ಏನ್ರೀ ಅಲ್ಪವಿರಾಮ, ಶಾಲೆಗೇನಾ? ಇವತ್ತು ನಾನೇ ಮುಖ್ಯ ಅತಿಥಿ. ಬಹಳ ಜನ ಅತಿಥಿಗಳು ರಿಬ್ಬನ್ ಕತ್ತರಿಸಿ ಚಹಾ ಕುಡಿದು ಹೋಗ್ತಾರೆ. ನಾನು ಹಾಗಲ್ಲ. ಒಂದೊಂದು ಚಿತ್ರಾನೂ ಎಡಮೂಲೆಯಿಂದ ಬಲಮೂಲೆವರೆಗೆ ನೋಡ್ತೀನಿ.”

“ಭೂತಗನ್ನಡಿ ಯಾಕೆ ಸಾರ್?”

“ಮಕ್ಕಳು ಮುಖ್ಯವಾದ್ದನ್ನ ಯಾವಾಗಲೂ ಸಣ್ಣದಾಗಿ ಬರೆದಿರ್ತಾರೆ ಕಣ್ರೀ,” ಎಂದರು ಸಾಹೇಬರು.

ಅಲ್ಪವಿರಾಮ ನಡೆಯಲಿಲ್ಲ, ಓಡಿದ. ಹೆಂಡತಿ ಹಿಂದಿನಿಂದ ಕರೆದದ್ದು ಕೇಳಿಸಲಿಲ್ಲ.

ಶಾಲೆಯ ಸಭಾಂಗಣದ ಬಾಗಿಲಲ್ಲೇ, ಎದೆಮಟ್ಟದಲ್ಲಿ, ನೀಲಿ ಚೌಕಟ್ಟಿನೊಳಗೆ ಮಗಳ ಚಿತ್ರ ತೂಗುತ್ತಿತ್ತು. ಬಹುಮಾನದ ಕೆಂಪು ಪಟ್ಟಿ ಅದರ ಮೂಲೆಯಲ್ಲಿ. ಅದರ ಪಕ್ಕದಲ್ಲಿ ಮಗಳು, ಎರಡು ಜಡೆ, ಹೊಳೆಯುವ ಮುಖ.

ಅಲ್ಪವಿರಾಮ ಜೀವಮಾನದಲ್ಲಿ ಮೊದಲ ಸಲ ಮಗಳ ಚಿತ್ರವನ್ನು ನೋಡಿದ.

ನಡುವೆ ಒಬ್ಬ ಮನುಷ್ಯ. ಮೊಟ್ಟೆಯಂತೆ ಬೆಳ್ಳಗಿರುವ ಬೋಳುತಲೆ. ಮೂಗಿನ ಕೆಳಗೆ ಅಡ್ಡಕ್ಕೆ ಎದ್ದುನಿಂತ ಮೀಸೆ. ಎರಡೂ ತನ್ನವೇ. ನೀಲಿ ಚೌಕಳಿಯ ಅಂಗಿ, ಹರಿದ ಜೇಬಿನ ಸಮೇತ. ಆ ಅಂಗಿಯನ್ನು ತಾನು ಹಾಕಿಕೊಳ್ಳುವುದನ್ನು ಬಿಟ್ಟು ವರ್ಷವಾಯಿತು, ಆದರೂ ಮಗಳು ಎಷ್ಟು ನೆನಪಿಟ್ಟುಕೊಂಡಿದ್ದಾಳೆ ಎಂದು ಅವನಿಗೆ ಆಶ್ಚರ್ಯವಾಯಿತು. ಎತ್ತಿದ ಕೈಯಲ್ಲಿ ಬಾತುಕೋಳಿ ತಲೆಯ ಛತ್ರಿ. ಗಾಳಿಯಲ್ಲಿ ಕೆಂಪಗಿನ ಒಂದು ಉಂಡೆ. ಇಲ್ಲದ ಚೆಂಡನ್ನೂ ಬಿಡದೆ ಬರೆದಿದ್ದಾಳಲ್ಲ, ಎಂಥ ಕಲ್ಪನೆ ಈ ಮಗುವಿಗೆ. ಪಕ್ಕದಲ್ಲಿ ಐದು ಹೋಳಾದ ಕುಂಡ. ಗಾಬರಿಯಿಂದ ಎರಡೂ ಕೈ ಮೇಲೆತ್ತಿದ ಕಳ್ಳಿಗಿಡ. ದೂರದ ನೀರಿನ ತೊಟ್ಟಿಯ ಮೇಲೆ ಬೆಕ್ಕು ಗಾಢ ನಿದ್ದೆಯಲ್ಲಿದೆ. ಮೂತಿಯಿಂದ ಗೊರಕೆಯ ಸುರುಳಿಗಳು ಹೊರಟಿವೆ. ತೊಟ್ಟಿಯ ಹಿಂದಿನಿಂದ ಸೂರ್ಯ ಕಣ್ಣು ಪಿಳಿಪಿಳಿ ಬಿಡುತ್ತ ಮೇಲೇಳುತ್ತಿದ್ದಾನೆ. ಅಂದು ಸಂಜೆ ಮೋಡವಿತ್ತು, ಸೂರ್ಯ ಎಲ್ಲಿದ್ದ? ಇರಲಿ, ಮಕ್ಕಳ ಆಕಾಶದಲ್ಲಿ ಸೂರ್ಯನಿಗೆ ರಜೆಯಿರುವುದಿಲ್ಲ ಎಂದು ಕರಡು ತಿದ್ದುವ ಕಣ್ಣು ಅದನ್ನು ದಾಟಿಹೋಯಿತು.

“ಹೇಗಿದೆ ಅಪ್ಪ?” ಎಂದಳು ಮಗಳು.

“ಚೆನ್ನಾಗಿದೆ ಪುಟ್ಟೀ,” ಎಂದ. “ತುಂಬಾನೇ ಚೆನ್ನಾಗಿದೆ. ಇಷ್ಟೊಂದು ಚೆನ್ನಾಗಿರಬಾರದಾಗಿತ್ತು.”

ಡ್ರಾಯಿಂಗ್ ಮಿಸ್ ನಗುತ್ತ ಬಂದರು. ಕೈಯೆಲ್ಲ ಬಣ್ಣ.

“ನೀವೇನಾ ಇವಳ ತಂದೆ? ಹಿಂದುಗಡೆ ನಿಮ್ಮ ಸಹಿ ನೋಡಿದ್ದೆ. ಮನೆಯಲ್ಲಿ ಚಿತ್ರಗಳನ್ನ ಇಷ್ಟು ಗಮನಕೊಟ್ಟು ನೋಡೋ ತಂದೆ ಸಿಕ್ಕಿರೋದಕ್ಕೇ ಮಗು ಹೀಗೆ ಬರೆಯತ್ತೆ.”

“ಮಿಸ್, ಇದನ್ನ ಒಳಗಡೆ ಮೂಲೇಲಿ ಹಾಕೋಣ್ವಾ? ಇಲ್ಲಿ ಗಾಳಿ ಬಡಿಯತ್ತೆ.”

“ಬೇಡ, ಬೇಡ. ಇದು ಎಲ್ಲರಿಗೂ ಕಾಣ್ಬೇಕು. ಸಾಮಾನ್ಯವಾಗಿ ದೊಡ್ಡೋರು ಮಕ್ಕಳ ಚಿತ್ರ ನೋಡಿ, ಇದೇನು ಹಸೂನಾ, ಮೇಜಾ ಅಂತ ಕೇಳಿಬಿಡ್ತಾರೆ. ಮಗೂಗೆ ಬೇಜಾರಾಗತ್ತೆ. ಅದಕ್ಕೇ ನಾವೊಂದು ನಿಯಮ ಮಾಡಿದ್ದೀವಿ.” ಅವರು ಗೋಡೆಯ ಮೇಲಿನ ಫಲಕ ತೋರಿಸಿದರು. ‘ಇದು ಏನು ಎಂದು ಕೇಳಬೇಡಿ. ಈ ಚಿತ್ರದ ಬಗ್ಗೆ ಹೇಳು ಎನ್ನಿ.’ “ಕೇಳಿದ್ರೆ ಸಾಕು, ಪ್ರತಿ ಗೆರೆಗೂ ಅವರ ಹತ್ರ ಒಂದು ಕಾರಣ ಇರತ್ತೆ. ಸುಮ್ಮನೆ ಒಂದು ಚುಕ್ಕೇನೂ ಇಡಲ್ಲ. ಮುಖ್ಯ ಅತಿಥಿಗಳೂ ಹಾಗೇ ಕೇಳ್ತಾರೆ, ಪುಟ್ಟಿ ಎಲ್ಲಾ ಹೇಳ್ತಾಳೆ.”

ಪ್ರತಿ ಗೆರೆಗೂ ಕಾರಣ ಇರುತ್ತದೆಂಬುದೇ ಅಲ್ಪವಿರಾಮನ ಸಂಕಟ. ಅವನು ಮಗಳಿಗೆ, “ಹೋಗು ಪುಟ್ಟೀ, ನೀರು ಕುಡಿದು, ಮುಖ ತೊಳೆದು, ನಿಧಾನವಾಗಿ ಬಾ. ಬಹಳ ನಿಧಾನವಾಗಿ,” ಎಂದು ಹೇಳಿ ಕಳಿಸಿದ. ತಾನು ಚಿತ್ರಕ್ಕೆ ಬೆನ್ನು ಕೊಟ್ಟು ಗೋಡೆಗೆ ಅಂಟಿಕೊಂಡು ನಿಂತ.

ಮೊದಲು ಬಂದವನು ಎದುರುಮನೆಯ ವಿಮೆ ಏಜೆಂಟ್. ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆಯದೆ ಅವನಿಗೆ ಸಮಾಧಾನವಿಲ್ಲ.

“ಸ್ವಲ್ಪ ಸರೀರಿ. ನಿಮ್ಮ ಹಿಂದೆ ಏನೋ ಇದೆ.”

“ಏನೂ ಇಲ್ಲ.”

“ಏನೂ ಇಲ್ಲದ್ದಕ್ಕೆ ಬಹುಮಾನ ಕೊಡ್ತಾರಾ?” ಏಜೆಂಟ್ ಅವನ ಕಂಕುಳಡಿಯಿಂದ ತಲೆ ತೂರಿಸಿದ. “ಇದು ಛತ್ರಿ ಅಲ್ವಾ? ಈ ಬಾತುಕೋಳೀನ ನಾನೆಲ್ಲೋ ನೋಡಿದ್ದೀನಲ್ಲ.”

ಅಲ್ಪವಿರಾಮನಿಗೆ ಬೇರೆ ದಾರಿ ಕಾಣಲಿಲ್ಲ. ಅಚ್ಚುಕೂಟಕ್ಕೆ ಬರುತ್ತಿದ್ದ ಕಲಾ ವಿಮರ್ಶೆಗಳ ಕರಡುಗಳನ್ನು ಇಪ್ಪತ್ತು ವರ್ಷ ತಿದ್ದಿದ್ದು ಅಂದು ಕೈಹಿಡಿಯಿತು.

“ಛತ್ರಿ ಅಂತ ನೋಡಿದ್ರೆ ಛತ್ರಿ, ಅಷ್ಟೇ. ಒಳಗೆ ಹೋಗಿ ನೋಡ್ಬೇಕು. ಇದು ರಕ್ಷಣೆಯ ಸಂಕೇತ. ಈ ಬೋಳುತಲೆಯೋನು ಮನುಷ್ಯನೇ ಅಲ್ಲ, ಕಾಲ. ಕಾಲಕ್ಕೆ ಕೂದಲು ಎಲ್ಲಿಂದ ಬರ್ಬೇಕು. ಕುಂಡ ಅಂದ್ರೆ ನಮ್ಮ ಬದುಕು. ಒಡೆಯೋದು ಅದರ ಧರ್ಮ. ಯಾರೂ ಒಡೆದದ್ದಲ್ಲ. ಅದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ, ಯಾರೂ ಒಡೆದದ್ದಲ್ಲ.”

ಏಜೆಂಟ್ ಬಾಯಿಬಿಟ್ಟುಕೊಂಡು ಕೇಳಿದ. “ಅಂದ್ರೆ ಕಾಲ ಬದುಕನ್ನ ಯಾವಾಗ ಒಡೆಯತ್ತೋ ಗೊತ್ತಿಲ್ಲ, ಅದಕ್ಕೇ ಮೊದಲೇ ವಿಮೆ ಮಾಡಿಸ್ಕೋಬೇಕು. ಅದೇ ಅಲ್ವಾ ಅರ್ಥ?”

“ಅದೇ. ನೀವೊಬ್ರಿಗೇ ಸರಿಯಾಗಿ ಅರ್ಥ ಆಗಿದ್ದು.”

ಏಜೆಂಟ್ ಹೋಗಿ ಇನ್ನಾರು ಜನರನ್ನು ಎಳೆದುಕೊಂಡು ಬಂದ. ಅವರ ಹಿಂದೆ ಇನ್ನಷ್ಟು ಜನ. ಅಡಗಿಸಲು ನಿಂತವನ ಸುತ್ತ ಜಾತ್ರೆ ಸೇರಿತು. ಡ್ರಾಯಿಂಗ್ ಮಿಸ್ ಒಂದು ಕೋಲು ತಂದು ಕೈಗೆ ಕೊಟ್ಟರು, ತೋರಿಸಿ ಹೇಳಲು ಅನುಕೂಲವಾಗಲಿ ಎಂದು. ಕೆಂಪು ಉಂಡೆ ಏನು ಎಂದು ಯಾರೋ ಕೇಳಿದರು. ಅದು ಆಸೆ ಎಂದ. ಮೀಸೆ ಯಾಕೆ ಅಷ್ಟು ಗಟ್ಟಿಯಾಗಿ ನಿಂತಿದೆ ಎಂದಾಗ, ಅದು ಅಹಂಕಾರ ಎಂದ. ಜನ ತಲೆದೂಗಿದರು. ತನ್ನ ಮಾತು ತನಗೇ ಹಿಡಿಸತೊಡಗಿ, ಬೆಕ್ಕು ಸಾಕ್ಷಿಪ್ರಜ್ಞೆ ಎನ್ನುವಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಹೆಂಡತಿ ಬಂದಳು.

ಚಿತ್ರ ನೋಡಿದವಳ ಮುಖ ಸುಣ್ಣದಂತೆ ಬಿಳಿಚಿತು. ಒಮ್ಮೆ ಚಿತ್ರ ನೋಡಿದಳು, ಒಮ್ಮೆ ಬಾಗಿಲ ಕಡೆ. ಮರುಕ್ಷಣ ಗಂಡನ ಪಕ್ಕಕ್ಕೆ ನುಗ್ಗಿ, ಭುಜಕ್ಕೆ ಭುಜ ತಾಗಿಸಿ, ಚಿತ್ರಕ್ಕೆ ಬೆನ್ನು ಕೊಟ್ಟು ನಿಂತಳು.

“ಇದನ್ನ ಯಾರು ಇಲ್ಲಿ ತೂಗುಹಾಕಿದ್ದು?” ಎಂದಳು. “ಬಿಸಿಲು ಬಿದ್ರೆ ಬಣ್ಣ ಹೋಗತ್ತೆ. ರೀ, ಇಳಿಸಿ, ಮನೆಗೆ ತಗೊಂಡು ಹೋಗೋಣ.”

ಅಲ್ಪವಿರಾಮನ ಕಣ್ಣು ತುಂಬಿತು. ಹೇಳದಿದ್ದರೂ ಇವಳಿಗೆ ಗೊತ್ತಾಗಿದೆ. ಬೋಳುತಲೆ ನೋಡಿದ ಕೂಡಲೇ ಗಂಡನೆಂದು ಗುರುತಿಸಿದ್ದಾಳೆ, ಬೈಯದೆ ಬೆನ್ನಿಗೆ ನಿಂತಿದ್ದಾಳೆ. ಹನ್ನೊಂದು ವರ್ಷದ ಸಂಸಾರದಲ್ಲಿ ತಾನು ಇವಳನ್ನು ಸರಿಯಾಗಿ ಅರಿಯಲೇ ಇಲ್ಲ ಎಂದು ಕರಗಿಹೋದ.

ಅಷ್ಟರಲ್ಲಿ ಚಪ್ಪಾಳೆ. ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಅವರ ಹಿಂದೆ ಹೊಲಿಗೆಯಮ್ಮ. ಪುಟ್ಟಿಗೆ ಬಹುಮಾನ ಬಂದಿದೆಯೆಂದು, ದುಃಖದ ನಡುವೆಯೂ ನೋಡಲು ಬಂದಿದ್ದಳು. ಮುಖ ತೊಳೆದ ಮಗಳೂ ಸರಿಯಾಗಿ ಅದೇ ಗಳಿಗೆಗೆ ಹಿಂದಿರುಗಿದಳು.

“ಗಂಡ ಹೆಂಡತಿ ಇಬ್ಬರೂ ಪಕ್ಕಕ್ಕೆ,” ಎಂದರು ಸಾಹೇಬರು.

ಆ ದನಿಗೆ ಮೂವತ್ತೈದು ವರ್ಷ ಮೇಷ್ಟರುಗಳೇ ಪಕ್ಕಕ್ಕೆ ಸರಿದಿದ್ದರು, ಇವರೆಷ್ಟರವರು. ಸಾಹೇಬರು ಭೂತಗನ್ನಡಿ ಹಿಡಿದು ಎಡಮೂಲೆಯಿಂದ ಶುರುಮಾಡಿದರು.

“ಆಕಾಶ, ಸರಿ. ಸೂರ್ಯ, ಸರಿಯಾದ ಜಾಗದಲ್ಲಿದ್ದಾನೆ. ತೊಟ್ಟಿ, ನಮ್ಮದೇ. ಬೆಕ್ಕು…”

“ನನ್ನ ಕಂದ,” ಎಂದಳು ಹೊಲಿಗೆಯಮ್ಮ ಸೆರಗಿಗೆ ಮೂಗೊರೆಸಿಕೊಂಡು. “ನೋಡಿ, ಬಾಲದ ತುದೀಲಿರೋ ಬಿಳಿ ಮಚ್ಚೇನೂ ಬಿಟ್ಟಿಲ್ಲ ಮಗು. ಪಾಪ, ತನ್ನ ಪಾಡಿಗೆ ನಿದ್ದೆ ಮಾಡ್ತಿದೆ.”

ಭೂತಗನ್ನಡಿ ಬಲಕ್ಕೆ ಸರಿಯಿತು, ನಿಂತಿತು. ಸಾಹೇಬರ ಹುಬ್ಬು ಮೇಲಕ್ಕೆ ಹೋಯಿತು.

“ಕುಂಡ. ಒಂದು, ಎರಡು, ಮೂರು, ನಾಲ್ಕು, ಐದು ಹೋಳು. ನನ್ನ ಕುಂಡವೂ ಐದೇ ಹೋಳಾಗಿತ್ತು.” ಅವರು ಮೆಲ್ಲಗೆ ಬಗ್ಗಿ ಮಗಳ ಮುಖಕ್ಕೆ ಮುಖ ತಂದರು. “ಪುಟ್ಟಮ್ಮ, ಈ ಚಿತ್ರದ ಬಗ್ಗೆ ಹೇಳು.”

ಮಗಳು ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಹೆಂಡತಿ ಅಲ್ಪವಿರಾಮನ ತೋಳನ್ನು ಉಗುರು ನಾಟುವಂತೆ ಹಿಡಿದಳು. ಹೊಲಿಗೆಯಮ್ಮನ ಒದ್ದೆ ಕಣ್ಣು, ಹಳೆಯ ಬಟ್ಟೆ ಹಾಸಿದ ಬುಟ್ಟಿ, ‘ಮ್ಯಾಂವ್’ ಎಂದ ದನಿ, ಎಲ್ಲ ಒಟ್ಟಿಗೆ ಮೇಲೆ ಬಿದ್ದವು. ಮಗಳು ಉಸಿರೆಳೆದುಕೊಂಡು ಬಾಯಿ ತೆರೆದಳು.

“ನಾನೇ,” ಎಂದು ಅಲ್ಪವಿರಾಮ ಕೂಗಿದ. “ನಾನೇ ಸಾರ್ ಒಡೆದದ್ದು. ಬೆಕ್ಕಲ್ಲ. ಛತ್ರಿ ಬೀಸಿದೆ, ತಾಗ್ತು, ಒಡೀತು. ಮಗೂನ ಏನೂ ಕೇಳ್ಬೇಡಿ.”

ಯಾರೋ ಚಹಾದ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ವಿಮೆ ಏಜೆಂಟ್, “ಅಂದ್ರೆ ಅದು ಕಾಲ ಅಲ್ವಾ?” ಎಂದ. ಹೆಂಡತಿಯ ಹಿಡಿತ ಸಡಿಲವಾಯಿತು. ಆಕೆ ಗಂಡನನ್ನು ಹೊಸಬನೊಬ್ಬನನ್ನು ನೋಡುವಂತೆ ನೋಡಿದಳು.

“ಅಲ್ಲಪ್ಪ, ಈ ಚಿತ್ರದಲ್ಲಿ…” ಎಂದಳು ಮಗಳು.

“ಬಾ ಪುಟ್ಟಿ, ಬಿಸ್ಕತ್ತು ಕೊಡ್ತೀನಿ,” ಎಂದು ಹೆಂಡತಿ ಅವಳ ಕೈಹಿಡಿದು ಸರಸರನೆ ಆಚೆ ಕರೆದುಕೊಂಡು ಹೋದಳು.

ಸಾಹೇಬರು ಭೂತಗನ್ನಡಿಯನ್ನು ಜೇಬಿಗಿಳಿಸಿದರು.

“ಅಂದ್ರೆ ನಾನು ಬೆಕ್ಕಿನ ಹತ್ರ ಕ್ಷಮೆ ಕೇಳ್ಬೇಕು.”

“ಕೇಳ್ಲೇಬೇಕು,” ಎಂದಳು ಹೊಲಿಗೆಯಮ್ಮ. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತು. ಅದನ್ನು ನೋಡಿ ಅಲ್ಪವಿರಾಮನಿಗೆ ಮೂರು ವಾರದ ಹೊರೆ ಇಳಿದಂತಾಗಿ, ನಿಜವಾಗಿಯೂ ಸಂತೋಷವಾಯಿತು. ಆ ಸಂತೋಷಕ್ಕೆ ಸಾಹೇಬರು ಹೆಚ್ಚು ಸಮಯ ಕೊಡಲಿಲ್ಲ.

“ನಿಜ ಒಪ್ಕೊಂಡಿರಿ, ಅದಕ್ಕೆ ಮೆಚ್ಚಿದೆ. ಮೂರು ವಾರ ಮುಚ್ಚಿಟ್ಟಿರಿ, ಅದಕ್ಕೆ ಶಿಕ್ಷೆ. ಇವತ್ತಿನಿಂದ ಒಂದು ವರ್ಷ ನಲವತ್ತೊಂದು ಕುಂಡಕ್ಕೂ ಬೆಳಿಗ್ಗೆ ಸಂಜೆ ನೀವೇ ನೀರು ಹಾಕ್ಬೇಕು. ಭಾನುವಾರವೂ ರಜೆಯಿಲ್ಲ. ನಾನು ತಪಾಸಣೆಗೆ ಬರ್ತೀನಿ.”

ಐದು ಗಂಟೆಗೆ ಹೊಲಿಗೆಯಮ್ಮನ ತಂಗಿ ಬಂದು, ಬೆಕ್ಕಿನ ಬದಲು ಎರಡು ರವಿಕೆ ಹೊಲಿಸಿಕೊಂಡು ಹೋಗುವೆನೆಂದು ಕೂತಳು. ಅದೇ ಹೊತ್ತಿಗೆ ಅಲ್ಪವಿರಾಮ ಪ್ಯಾಂಟು ಮಡಿಚಿಕೊಂಡು, ನೀರಿನ ಡಬ್ಬ ಹಿಡಿದು ತಾರಸಿಯಲ್ಲಿದ್ದ. ಕಳ್ಳಿಗಿಡ ಬಣ್ಣದ ಹಳೆಯ ಡಬ್ಬದೊಳಗಿನಿಂದ ಅವನನ್ನೇ ನೋಡುತ್ತಿತ್ತು. ಬಿಡುಗಡೆಯಾದ ಬೆಕ್ಕು ತೊಟ್ಟಿಯ ಮೇಲೆ ತನ್ನ ಹಳೆಯ ಜಾಗ ಹಿಡಿದಿತ್ತು. ಮಗಳು ಬಹುಮಾನದ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಬಾಗಿಲಲ್ಲಿ ಕೂತಿದ್ದಳು.

ಹದಿನೆಂಟನೆಯ ಕುಂಡದ ಹತ್ತಿರ ಅವನಿಗೆ ಡ್ರಾಯಿಂಗ್ ಮಿಸ್‌ನ ಫಲಕ ನೆನಪಾಯಿತು. ಊರೆಲ್ಲ ಆ ಚಿತ್ರದ ಬಗ್ಗೆ ತನ್ನಿಂದ ಕೇಳಿತು. ಬರೆದವಳನ್ನು ತಾನು ಒಂದು ಮಾತೂ ಕೇಳಲಿಲ್ಲ. ಡಬ್ಬ ಕೆಳಗಿಟ್ಟು ಮಗಳ ಪಕ್ಕ ಕೂತ.

“ಪುಟ್ಟೀ, ಈ ಚಿತ್ರದ ಬಗ್ಗೆ ಹೇಳು.”

ಮಗಳ ಕಣ್ಣು ಹೊಳೆಯಿತು. “ಇದು ಭಾನುವಾರ ಬೆಳಿಗ್ಗೆ. ಸೂರ್ಯ ತೊಟ್ಟಿ ಹಿಂದೆ ಇದ್ದಾನಲ್ಲ, ಅದಕ್ಕೇ ಬೆಳಿಗ್ಗೆ. ಇದು ಅಮ್ಮ.”

“ಯಾರು?”

“ಅಮ್ಮ.”

“ಬೋಳುತಲೆ ಇದೆಯಲ್ಲೇ.”

“ಅದು ತಲೆಯಲ್ಲ ಅಪ್ಪ, ಟವೆಲ್ಲು. ಅಮ್ಮ ತಲೆಗೆ ನೀರು ಹಾಕ್ಕೊಂಡು ಸುತ್ಕೊಂಡಿದ್ದಾಳೆ.”

“ಈ ಮೀಸೆ?”

“ಬಟ್ಟೆ ಒಣಗಿಸೋ ಕ್ಲಿಪ್ಪು. ಬಾಯಲ್ಲಿ ಕಚ್ಕೊಂಡಿದ್ದಾಳೆ. ಬಟ್ಟೆ ಒಗೆಯೋವಾಗ ಯಾವಾಗಲೂ ನಿನ್ನ ಹಳೇ ಚೌಕಳಿ ಅಂಗಿ ತಾನೇ ಮೇಲೆ ಹಾಕ್ಕೊಳ್ಳೋದು?”

ಅಲ್ಪವಿರಾಮ ಬೆರಳನ್ನು ಕೆಂಪು ಉಂಡೆಯ ಮೇಲಿಟ್ಟ.

“ನನ್ನ ಕಾಲುಚೀಲ. ಗಾಳಿಗೆ ಹಾರಿ ಪೈಪಿನ ಮೇಲೆ ಸಿಕ್ಕಿತ್ತು. ಅಮ್ಮ ಬಾತುಕೋಳಿ ಕೊಕ್ಕಿನಿಂದ ಎಳೆದಳು, ಕಾಲುಚೀಲ ಹಾರ್ತು, ಛತ್ರಿ ಹಿಂದೆ ಹೋಗಿ ಕುಂಡಕ್ಕೆ ಬಡೀತು. ಆಮೇಲೆ ಕೆಳಗೆ ಹೋಗಿ ನನ್ನ ಗೋಂದು ತಂದು ಎಲ್ಲಾ ಅಂಟಿಸಿದಳು. ಇಡೀ ಸೀಸೆ ಖಾಲಿ. ನಾನು ಒಣಗಿದ್ದ ಹೊದಿಕೆ ಹಿಂದೆ ಕೂತು ನೋಡ್ತಿದ್ದೆ, ಅವಳಿಗೆ ಗೊತ್ತಿಲ್ಲ.”

ಹೋಳುಗಳ ಅಂಚಿನ ಬಿಳಿ ಮೆತ್ತು ಅಲ್ಪವಿರಾಮನ ಕಣ್ಣ ಮುಂದೆ ಬಂತು. ತೋಳಿನ ಬಲದ ಹೆಮ್ಮೆಯೂ ಅದರ ಜೊತೆಗೇ ಬಂದು, ನಾಚಿಕೊಂಡು ಹೊರಟುಹೋಯಿತು.

“ಮತ್ತೆ… ನಾನು ಛತ್ರಿ ಬೀಸಿದ್ದು ಬರೀಲಿಲ್ವಾ?”

“ಬರೆದೆ. ಅದೇ ಇನ್ನೂ ಚೆನ್ನಾಗಿತ್ತು.” ಮಗಳು ಚಿತ್ರದ ಅಡಿಯಿಂದ ನಾಲ್ಕಾಗಿ ಮಡಿಚಿದ ಇನ್ನೊಂದು ಕಾಗದ ತೆಗೆದಳು. “ಆದ್ರೆ ಕೊಡ್ಲಿಲ್ಲ. ಯಾರಿಗೂ ಹೇಳಲ್ಲ ಅಂತ ನಿನಗೆ ಮಾತು ಕೊಟ್ಟಿದ್ದೆನಲ್ಲ. ತೋರಿಸಿದ್ರೆ ಹೇಳಿದ ಹಾಗೇ ಅಲ್ವಾ. ನೀನೇ ಎಲ್ಲರ ಮುಂದೆ ಹೇಳಿಬಿಟ್ಟೆ.”

ಅಲ್ಪವಿರಾಮ ಕಾಗದ ಬಿಡಿಸಿದ. ಮೋಡ ತುಂಬಿದ ಬೂದು ಆಕಾಶ. ನಡುವೆ ಅವನು, ಇರುವುದಕ್ಕಿಂತ ಎರಡರಷ್ಟು ಎತ್ತರ, ಛತ್ರಿ ಬೀಸಿ ನಿಂತಿದ್ದಾನೆ. ಮೀಸೆಯ ಕೆಳಗೆ ಕಿವಿಯಿಂದ ಕಿವಿಗೆ ನಗು. ತಂತಿಯ ಮೇಲೆ ಒಣಗುತ್ತಿದ್ದ ಅಂಗಿಗಳೆಲ್ಲ ತೋಳು ಎತ್ತಿ ಚಪ್ಪಾಳೆ ತಟ್ಟುತ್ತಿವೆ. ಕಾಲುಚೀಲಗಳು ಸಾಲಾಗಿ ಕೂತು ಆಟ ನೋಡುತ್ತಿವೆ. ನಲವತ್ತು ಕುಂಡಗಳ ಹೂಗಳೂ ಇತ್ತ ಕುತ್ತಿಗೆ ತಿರುಗಿಸಿವೆ. ಕಾಣದ ಆ ಚೆಂಡು ಮಾತ್ರ ಚಿತ್ರದಲ್ಲೂ ಇರಲಿಲ್ಲ. ಅದು ಹೋದ ದಾರಿಯಷ್ಟೇ ಚುಕ್ಕೆ ಚುಕ್ಕೆಯಾಗಿ ಕಾಗದದ ಅಂಚಿನವರೆಗೆ ಹೋಗಿತ್ತು. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಹೀಗೆ ನೋಡಿರಲಿಲ್ಲ. ಇಂಥವು ಇನ್ನೆಷ್ಟಕ್ಕೆ ತಾನು ಬೆನ್ನಿಗೆ ಸಹಿ ಹಾಕಿ ಕಳಿಸಿದೆನೋ ಎಂದುಕೊಂಡ. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಎರಡೆರಡು ಸಲ ನೋಡಿ, ಜೇಬಿನ ಕೆಂಪು ಪೆನ್ನು ತೆಗೆದು ಹಿಂಬದಿಯಲ್ಲಿ ‘ನೋಡಿದ್ದೇನೆ’ ಎಂದು ಬರೆದು ಸಹಿ ಹಾಕಿದ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮಗಳು ಎರಡೂ ಚಿತ್ರಗಳನ್ನು ಎತ್ತಿಕೊಂಡು ಕೆಳಗೆ ಓಡಿದಳು. ಹೆಂಡತಿ ಚಹಾ ತಂದಿದ್ದಳು, ದೊಡ್ಡ ಲೋಟದಲ್ಲಿ, ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿ.

“ಎಂಥಾ ಮನಸ್ಸು ರೀ ನಿಮ್ದು,” ಎಂದಳು ಪಕ್ಕದಲ್ಲಿ ಕೂತು. “ಅಷ್ಟು ಜನರ ಮುಂದೆ ತಪ್ಪನ್ನೆಲ್ಲ ಮೈಮೇಲೆ ಹಾಕ್ಕೊಳ್ಳೋಕೆ ಯಾರಿಗೆ ಧೈರ್ಯ ಬರತ್ತೆ? ನಾನಂತೂ ಜನ್ಮದಲ್ಲಿ ಮರೆಯಲ್ಲ.”

ಅಲ್ಪವಿರಾಮ ಅವಳ ಮುಖವನ್ನು ಕರಡು ನೋಡುವಂತೆ ನೋಡಿದ. ತನಗಾಗಿಯೇ ಗಂಡ ತಪ್ಪು ಹೊತ್ತುಕೊಂಡನೆಂದು ನಂಬಿದ ಹೆಂಡತಿಯ ಪ್ರೀತಿ ಅಲ್ಲಿತ್ತು. ನಿಜ ಹೇಳಬೇಕೆಂದರೆ ತಾನೂ ಒಡೆದದ್ದನ್ನು ಮೊದಲಿಂದ ಹೇಳಬೇಕಾಗುತ್ತದೆ, ಆಗ ಆ ಪ್ರೀತಿ ಹೋಗುತ್ತದೆ, ಎರಡು ಚಮಚ ಸಕ್ಕರೆಯೂ ಹೋಗುತ್ತದೆ, ನೀರಿನ ಡಬ್ಬ ಮಾತ್ರ ಕೈಯಲ್ಲೇ ಉಳಿಯುತ್ತದೆ. ಆದರೂ ಒಂದು ಅವಕಾಶ ಕೊಟ್ಟು ನೋಡೋಣವೆಂದು ಕೇಳಿದ:

“ನನಗೇನಾದ್ರೂ ಹೇಳ್ಬೇಕು ಅಂತಿದ್ದೀಯಾ?”

ಹೆಂಡತಿ ತಲೆ ತಗ್ಗಿಸಿದಳು. ಕುಂಡಗಳ ಸಾಲಿನ ಮೇಲೆ ನಿಧಾನವಾಗಿ ಕಣ್ಣಾಡಿಸಿದಳು.

“ಹೂಂ,” ಎಂದಳು. “ಆ ಮೂಲೆ ಕುಂಡಕ್ಕೆ ಇನ್ನೂ ನೀರು ಬಿದ್ದಿಲ್ಲ ನೋಡಿ.”

ಅಲ್ಪವಿರಾಮ ಚಹಾ ಮುಗಿಸಿ, ಡಬ್ಬ ಎತ್ತಿಕೊಂಡು ಮೂಲೆಯ ಕಡೆ ನಡೆದ.